ಕೈಗೆ ಕೊಟ್ಟ ಪಂಜು

ಗುಂಡಿ ಸೊಂಟದಾಳಕ್ಕೆ ಬಂದಾಗ ಕಾನರ್ ಡೆವ್ಲಿನ್ ಸಲಿಕೆಯನ್ನು ಮೇಲಕ್ಕೆಸೆದು, ಅಂಚಿಗೆ ಕೈಯೂರಿ ಹತ್ತಿ ಬಂದ. ಮಂಡಿಯ ಮಣ್ಣನ್ನೂ ಕೊಡವಿಕೊಳ್ಳದೆ ನೇರವಾಗಿ ಪಾದ್ರಿ ಪ್ರಾಸರ್ ಅವರ ಎದುರು ಹೋಗಿ ನಿಂತ.

"ಪ್ರೋಬರ್ಟ್ ಮನೆಯವರ ಜಾಗದಲ್ಲಿ ತೋಡು ಅಂದ್ರಿ. ಸತ್ತೋನು ಯಾರು ಅಂತ ಹೇಳ್ಲಿಲ್ಲ."

"ಪ್ರೋಬರ್ಟ್ ಮನೆಯ ಅಳಿಯ ಕಣಪ್ಪ. ಅವನೂ ಆ ಮನೆಯವನೇ ತಾನೇ?"

"ಆ ಚಿತ್ರದೋನು ಅಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ? ಹೇಳಿದ್ರೆ ನಾನು ಬರಲ್ಲ ಅಂತ ಗೊತ್ತಿತ್ತು. ಅದಕ್ಕೇ ನುಂಗಿಕೊಂಡ್ರಿ. ಈಗ ಬೇಲಿ ಆಚೆ ಹೋಗ್ತಿದ್ದ ಗಾಡಿಯವನು ಕೂಗಿ ಹೇಳಬೇಕಾಯ್ತು, 'ಏನು ಕಾನರ್, ಲೋರಿಂಗ್‌ಗೆ ಹಾಸಿಗೆ ಹಾಸ್ತಿದೀಯಾ' ಅಂತ."

ಅಷ್ಟರಲ್ಲಿ ಸತ್ತವನ ಹೆಂಡತಿ ಗ್ವೆನ್ ಬಂದಳು. ಹಿಂದೆ ಅವಳ ತಮ್ಮ ಐವರ್. ಕಪ್ಪು ಉಡುಪು ಅವಳ ತಾಯಿಯದು. ತೋಳು ಗಿಡ್ಡವಾಗಿ ಮಣಿಕಟ್ಟು ಹೊರಗೆ ಕಾಣುತ್ತಿತ್ತು. ಗುಂಡಿಯನ್ನು ನೋಡಿದಳು, ಕಾನರ್‌ನನ್ನು ನೋಡಿದಳು.

"ಅರ್ಧಕ್ಕೇ ಬಿಟ್ಟೆಯಾ?"

"ನಿನ್ನ ಅಪ್ಪಂಗೆ ನಾನೇ ತೋಡಿದ್ದು ಗ್ವೆನ್. ನಾಳೆ ನಿನಗೇನಾದ್ರೂ ಆದ್ರೂ ತೋಡ್ತೀನಿ. ಇವನಿಗೆ ಮಾತ್ರ ಇಲ್ಲ."

"ನಾನು ಸಾಯೋದನ್ನ ಕಾಯ್ತಾ ಕೂತಿರು ಹಾಗಾದ್ರೆ. ಸಲಿಕೆ ಇಟ್ಟು ಹೋಗು."

"ಸಲಿಕೆ ನನ್ನದು."

ಅದನ್ನು ಹೆಗಲಿಗೇರಿಸಿಕೊಂಡು ಅವನು ಬೇಲಿಯತ್ತ ನಡೆದ. ಐವರ್‌ನ ಮುಖ ಕೆಂಪಾಯಿತು. ಎರಡು ಹೆಜ್ಜೆ ಹಿಂದೆಯೇ ಹೋದ. ಅಕ್ಕ ಅವನ ತೋಳು ಹಿಡಿದಳು.

"ಜಗಳಕ್ಕೆ ಆಮೇಲೆ ಹೋಗುವಿಯಂತೆ. ಮನೆಗೆ ಹೋಗಿ ನಿನ್ನ ಸಲಿಕೆ ತಾ."

ಐವರ್‌ನ ಸಲಿಕೆ ಗಣಿಯೊಳಗೆ ಕಲ್ಲಿದ್ದಲು ಮೊಗೆಯುವಂಥದು. ಬಾಯಿ ಅಗಲ, ಹಿಡಿ ಗಿಡ್ಡ. ಮಣ್ಣು ತೋಡಲು ಅದು ಬಾರದು. ಸಾವಿಗೆಂದು ತೊಟ್ಟಿದ್ದ ಕೋಟನ್ನು ಕಳಚದೆಯೇ ಅವನು ಗುಂಡಿಗಿಳಿದು, ಬಗ್ಗಿ, ಮಣ್ಣು ಕೆರೆದು ಕೆರೆದು ಮೇಲೆ ಹಾಕತೊಡಗಿದ. ಗ್ವೆನ್ ಅಂಚಿನಲ್ಲಿ ಕುಳಿತು, ಮತ್ತೆ ಒಳಗೆ ಜಾರುತ್ತಿದ್ದ ಕಲ್ಲುಗಳನ್ನು ಕೈಯಿಂದ ಆಚೆ ಸರಿಸುತ್ತಿದ್ದಳು. ಪಾದ್ರಿ ಬೈಬಲ್ ಮುಚ್ಚಿಕೊಂಡು ದೂರದಲ್ಲಿ ನಿಂತರು.

*

ಎಬೆನ್ ಲೋರಿಂಗ್ ಮೊದಲ ಸಲ ಟ್ರೆವರ್ಸ್ ಗ್ಯಾಪ್ ಎಂಬ ಈ ಗಣಿ ಊರಿಗೆ ಬಂದದ್ದು ಒಂಬತ್ತು ವರ್ಷದ ಹಿಂದೆ, ಮುಷ್ಕರದ ಬೇಸಿಗೆಯಲ್ಲಿ. ಗಣಿ ಕಂಪನಿ ಕೂಲಿ ಇಳಿಸಿತ್ತು. ಗಂಡಸರು ಗಣಿಗಿಳಿಯದೆ ತಿಂಗಳಾಗಿತ್ತು. ನ್ಯೂಯಾರ್ಕಿನ ಒಂದು ಸಚಿತ್ರ ವಾರಪತ್ರಿಕೆ ಆ ಗಲಾಟೆಯ ಚಿತ್ರ ಬರೆದು ಕಳಿಸೆಂದು ಅವನನ್ನು ರೈಲು ಹತ್ತಿಸಿತ್ತು. ಪ್ರೋಬರ್ಟ್ ಮನೆಯ ಮಾಳಿಗೆ ಕೋಣೆಯನ್ನು ಬಾಡಿಗೆಗೆ ಹಿಡಿದ. ಉದ್ದ ಕಾಲಿನ, ಹೆಚ್ಚು ಮಾತಿಲ್ಲದ ಮನುಷ್ಯ. ಚಹಾ ತಣ್ಣಗಾಗುವವರೆಗೂ ಮುಟ್ಟುತ್ತಿರಲಿಲ್ಲ, ಆಮೇಲೆ ಒಂದೇ ಗುಟುಕಿಗೆ ಕುಡಿದು ಮುಗಿಸುತ್ತಿದ್ದ.

ಅವನಲ್ಲಿ ಒಂದು ಶಕ್ತಿಯಿತ್ತು. ಎರಡು ಗೆರೆ ಎಳೆದರೆ ಸಾಕು, ಇದು ಇಂಥವರೇ ಎಂದು ತಿಳಿದುಬಿಡುತ್ತಿತ್ತು. ಬೀದಿಯ ಮಕ್ಕಳು ಅವನ ಬೆನ್ನ ಹಿಂದೆ ಜೋತುಬಿದ್ದು ಕೂಗುತ್ತಿದ್ದವು: "ಏ, ಇದು ನಮ್ಮ ಐವರಣ್ಣನ ಮೂಗು!" "ಇದು ಕಾನರ್ ಮಾಮ, ನೋಡ್ರೋ, ಹುಬ್ಬು ನೋಡ್ರೋ!" ಕಾನರ್‌ನೇ ಒಮ್ಮೆ ಅದನ್ನು ಕಂಡು ನಕ್ಕು, "ನಮ್ಮ ಅಮ್ಮಂಗೆ ತೋರಿಸಬೇಡ ಮಾರಾಯ, ಗೋಡೆಗೆ ಹಚ್ಚಿಬಿಡ್ತಾಳೆ" ಅಂದಿದ್ದ.

ಒಂದು ಬೆಳಗ್ಗೆ ಜನ ಕಂಪನಿಯ ಅಂಗಡಿಯ ಮುಂದೆ ಸೇರಿದರು. ಹಿಟ್ಟು, ಆಲೂಗಡ್ಡೆ ಕೊಡಿ, ಕೆಲಸ ಶುರುವಾದ ಮೇಲೆ ಕೂಲಿಯಲ್ಲಿ ಹಿಡಿದುಕೊಳ್ಳಿ ಎಂದು ಕೇಳಲು ಹೋದವರು. ಹೆಂಗಸರೇ ಮುಂದಿದ್ದರು. ಅಂಗಡಿಯ ಜಗಲಿಯ ಮೇಲಿಂದ ಕಂಪನಿಯ ಕಾವಲಿನವರು ಗುಂಡು ಹಾರಿಸಿದರು. ಕಾನರ್‌ನ ತಮ್ಮ ಫಿನ್ ಬಿದ್ದ. ಅವನ ತಾಯಿ ಓನಾ ನೆಲಕ್ಕೆ ಕುಸಿದು ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಕಾನರ್ ಬರಿಗೈಯಲ್ಲಿ ಪಕ್ಕದಲ್ಲಿ ನಿಂತಿದ್ದ. ಏನು ಮಾಡಬೇಕೆಂದು ಅವನಿಗೆ ತೋಚಿರಲಿಲ್ಲ.

ಎಬೆನ್ ಎದುರಿನ ಕ್ಷೌರದಂಗಡಿಯ ಮೆಟ್ಟಿಲ ಮೇಲೆ ನಿಂತು ಅದನ್ನು ಬರೆದ. ಗ್ವೆನ್ ಅದನ್ನು ಕಂಡಿದ್ದಳು.

ಆ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಅವನು ಅದನ್ನು ಮರದ ಅಚ್ಚಿನ ಮೇಲೆ ತಿರುಗಿ ಬರೆಯುತ್ತಿದ್ದಾಗ ಅವಳು ಆಲೂಗಡ್ಡೆ ಸುಲಿಯುವುದನ್ನು ಬಿಟ್ಟು ಬಂದು ನೋಡಿದಳು.

"ಓನಾ ಅಮ್ಮನ ಮುಖ ಹೀಗೇ ಇತ್ತು," ಅಂದಳು. ಆಮೇಲೆ ಕೇಳಿದಳು, "ಇದನ್ನ ಏನು ಮಾಡ್ತಾರೆ?"

"ಅಲ್ಲಿ ಕೊರೆಯೋರು ಇದ್ದಾರೆ. ನಾನು ಬರೆದ ಗೆರೆ ನೋಡ್ಕೊಂಡು ಉಳಿಯಿಂದ ಕೊರೀತಾರೆ. ಅದಕ್ಕೆ ಮಸಿ ಹಚ್ಚಿ ಅಚ್ಚು ಹಾಕ್ತಾರೆ."

"ನೀವು ಬರೆದಿದ್ದು?"

"ಕೊರೆಯೋವಾಗ ಹೊಟ್ಟಾಗಿ ಹೋಗುತ್ತೆ."

"ಮತ್ತೆ, ಅವರು ಬೇರೆ ಏನಾದ್ರೂ ಕೊರೆದ್ರೆ?"

ಅವನು ತಲೆಯೆತ್ತಿ ನೋಡಿದ. ಆ ಪ್ರಶ್ನೆ ಅವನಿಗೆ ಎಂದೂ ಹೊಳೆದಿರಲಿಲ್ಲ.

"ಯಾಕೆ ಕೊರೀತಾರೆ?"

ಪತ್ರಿಕೆಯ ನಿಯಮದಂತೆ ಮರದ ಅಚ್ಚಿನ ಜೊತೆ ಕಾಗದದ ಮೇಲಿನ ಮೂಲವನ್ನೂ ಸಂಜೆಯ ರೈಲಿಗೆ ಹಾಕಿದ. ಮುಂದೆ ಎಷ್ಟು ಕೇಳಿದರೂ ಅದು ಅವನ ಕೈಗೆ ಮರಳಿ ಬರಲಿಲ್ಲ.

ಪತ್ರಿಕೆ ಊರಿಗೆ ಬಂದಾಗ ಚಿತ್ರ ಎರಡು ಪುಟದಗಲ ಹರಡಿಕೊಂಡಿತ್ತು. ಮುಖಗಳು ಅವೇ. ಕಾನರ್‌ನ ಹುಬ್ಬು ಅದೇ, ಫಿನ್‌ನ ಗದ್ದ ಅದೇ. ಆದರೆ ಕಾನರ್‌ನ ಕೈಯಲ್ಲಿ ಉರಿಯುವ ಪಂಜು. ಉಳಿದವರ ಕೈಯಲ್ಲಿ ದೊಣ್ಣೆ, ಕೊಡಲಿ. ಎಲ್ಲರ ಬಾಯಿಯೂ ಮೃಗಗಳಂತೆ ತೆರೆದಿತ್ತು. ಹೆಂಗಸರು ಒಬ್ಬರೂ ಇರಲಿಲ್ಲ. ಓನಾ ಕುಳಿತಿದ್ದ ಜಾಗದಲ್ಲಿ ಒಂದು ಒಡೆದ ಹೆಂಡದ ಪೀಪಾಯಿ ಉರುಳಿತ್ತು. ಕೆಳಗೆ ಮೂಲೆಯಲ್ಲಿ ಅಂದವಾದ ಅಕ್ಷರಗಳಲ್ಲಿ ಅವನ ಹೆಸರು.

*

ಸ್ಮಶಾನಕ್ಕೆ ಪೆಟ್ಟಿಗೆಯನ್ನು ಹೊತ್ತು ತಂದವರು ನಾಲ್ವರು. ಐವರ್, ಪಾದ್ರಿ ಪ್ರಾಸರ್, ಪೆಟ್ಟಿಗೆ ಮಾಡಿದ ಬಡಗಿ, ನಾಲ್ಕನೆಯ ಹೆಗಲು ಗ್ವೆನ್‌ಳದು. ಐವರ್‌ನ ಕೋಟಿನ ಬೆನ್ನೆಲ್ಲ ಹಸಿ ಮಣ್ಣು.

ಬೇಲಿಯಾಚೆ ಜನ ಸೇರಿದ್ದರು. ಅವರು ದುಃಖಕ್ಕೆ ಬಂದವರಲ್ಲ. ಹೂತರೆಂಬುದನ್ನು ಕಣ್ಣಾರೆ ಕಂಡು ಹೋಗಲು ಬಂದವರು. ಕಾನರ್ ಸಲಿಕೆಯ ಮೇಲೆ ಗದ್ದವೂರಿ ನಿಂತಿದ್ದ. ಪಕ್ಕದಲ್ಲಿ ಕೋಲು ಹಿಡಿದ ಅವನ ತಾಯಿ ಓನಾ. ಈಗ ಎಲ್ಲರ ಬಾಯಲ್ಲೂ ಓನಾ ಅಜ್ಜಿ.

"ಪಕ್ಕದ ಮನೆಯವರೂ ಹೆಗಲು ಕೊಡ್ಲಿಲ್ಲ ನೋಡು," ಎಂದಳು ಒಬ್ಬ ಹೆಂಗಸು.

"ಅವನಿಗೆ ಹೆಗಲು ಕೊಟ್ರೆ ಆಮೇಲೆ ಹೆಗಲನ್ನೇ ತೊಳ್ಕೋಬೇಕು," ಎಂದ ಇನ್ನೊಬ್ಬ. ಕೆಲವರು ನಕ್ಕರು. ಗ್ವೆನ್‌ಗೆ ಅದು ಕೇಳಿಸಿತು.

ಅಷ್ಟರಲ್ಲಿ ಬಾಡಿಗೆ ಕುದುರೆಗಾಡಿಯೊಂದು ಬಂದು ನಿಂತಿತು. ರೇಷ್ಮೆ ಟೋಪಿಯ, ದುಂಡು ಮುಖದ ಹಿರಿಯರೊಬ್ಬರು ಇಳಿದರು. ಅವರ ತೋಳಿನಲ್ಲಿ ಬಿಳಿ ಹೂವಿನ ದೊಡ್ಡ ಚಕ್ರ. ಅದರ ಅಡ್ಡಪಟ್ಟಿಯ ಮೇಲೆ ಚಿನ್ನದ ಅಕ್ಷರ.

"ಮಿಸೆಸ್ ಲೋರಿಂಗ್? ನಾನು ವಿನ್ಸ್‌ಲೋ ಪ್ರೆಂಟಿಸ್. ಪತ್ರಿಕೆಯ ಸಂಪಾದಕ. ಎಬೆನ್ ತರಕಾರಿ ಚಿತ್ರ ಬರೆದುಕೊಡ್ತಿದ್ದ ಫಿಲಡೆಲ್ಫಿಯಾದ ಬೀಜದ ಅಂಗಡಿಯವರು ಸುದ್ದಿ ಕೊಟ್ಟರು. ತಡೀಲಾರದೆ ಬಂದುಬಿಟ್ಟೆ."

ಆ ಹೆಸರನ್ನು ಗ್ವೆನ್ ತನ್ನ ಮನೆಯೊಳಗೆ ಬಹಳ ಸಲ ಕೇಳಿದ್ದಳು. ಮುಖ ನೋಡಿದ್ದು ಇದೇ ಮೊದಲು. ಕೆಟ್ಟವನ ಮುಖ ಹೇಗಿರುತ್ತದೆಂದು ಅವಳು ಏನೇನೋ ಊಹಿಸಿಕೊಂಡಿದ್ದಳು. ಇದು ಊಟಕ್ಕೆ ಕರೆದರೆ ಎರಡು ಸಲ ಬಡಿಸಿಕೊಂಡು ಹೊಗಳಿ ಹೋಗುವವನ ಮುಖವಾಗಿತ್ತು.

*

ಕಾನರ್‌ನ ಮೇಲೆ ಮೊಕದ್ದಮೆ ನಡೆದದ್ದು ಆ ವರ್ಷದ ಚಳಿಗಾಲದಲ್ಲಿ. ಅಂಗಡಿ ಸುಡಲು ಹೊರಟಿದ್ದ ಎಂಬ ಆರೋಪ. ಅಂಗಡಿಗೆ ಬೆಂಕಿ ಬಿದ್ದಿರಲಿಲ್ಲ. ಅದರ ಕಿಟಕಿಯ ಒಂದು ಗಾಜೂ ಒಡೆದಿರಲಿಲ್ಲ. ಆದರೂ ಕಂಪನಿಯ ವಕೀಲ ಆ ಎರಡು ಪುಟವನ್ನು ಹಲಗೆಗೆ ಅಂಟಿಸಿ ತಂದಿದ್ದ.

ಎಬೆನ್ ತಾನಾಗಿ ಸಾಕ್ಷಿ ಹೇಳಲು ಬಂದ. ಅಷ್ಟರಲ್ಲಿ ಅವನು ಪ್ರೆಂಟಿಸ್‌ನ ಮೇಜಿನ ಮುಂದೆ ಕೂಗಾಡಿ, ಆ ಕೆಲಸ ಬಿಟ್ಟಾಗಿತ್ತು. 'ಅಚ್ಚು ನಮ್ಮದು, ಕೊಡಬೇಕಾದ್ದು ಕೊಟ್ಟಾಗಿದೆ' ಎಂಬ ಉತ್ತರವೂ ಸಿಕ್ಕಿಯಾಗಿತ್ತು.

"ಈ ಸಹಿ ನಿಮ್ಮದೇ?" ಎಂದ ವಕೀಲ.

"ನನ್ನದೇ. ಆದರೆ..."

"ಈ ಮುಖ ನೀವು ಬರೆದದ್ದೇ?"

"ಹೌದು."

"ಕಾನರ್ ಡೆವ್ಲಿನ್‌ನದೇ ಮುಖ. ಕುರುಡನೂ ಹೇಳ್ತಾನೆ. ಮುಖ ನಿಮ್ಮದು. ತೋಳೂ ನಿಮ್ಮದಾ?"

"ತೋಳು ನಾನು ಬರೆದದ್ದೇ. ಪಂಜು ನಾನು ಬರೆದದ್ದಲ್ಲ."

"ಓಹೋ. ಮುಖ ನಿಮ್ಮದು, ತೋಳು ನಿಮ್ಮದು, ಬೆರಳಿನವರೆಗೂ ನಿಮ್ಮದು. ಬೆರಳು ದಾಟಿದ ಕೂಡಲೇ ನಿಮ್ಮದಲ್ಲ!"

ನ್ಯಾಯಾಲಯವೇ ನಕ್ಕಿತು. ನ್ಯಾಯಾಧೀಶರೂ ಮೀಸೆಯೊಳಗೆ ನಕ್ಕರು. ನೀವು ಬರೆದ ಮೂಲ ಚಿತ್ರವೆಲ್ಲಿ, ತೋರಿಸಿ ಎಂದರು. ತೋರಿಸಲು ಅವನ ಬಳಿ ಏನೂ ಇರಲಿಲ್ಲ. ಓನಾ ಎದ್ದು ನಿಂತು, ನನ್ನ ಮಗನ ಕೈಯಲ್ಲಿ ಏನೂ ಇರಲಿಲ್ಲ ಎಂದು ಕೂಗಿದಳು. ತಾಯಿ ಇನ್ನೇನು ಹೇಳುತ್ತಾಳೆ ಎಂದು ಅವಳನ್ನು ಕೂರಿಸಿದರು.

ಕಾನರ್ ಮೂರು ವರ್ಷ ಜೈಲಿನಲ್ಲಿದ್ದ. ಹೊರಬಂದ ಮೇಲೂ ಯಾವ ಗಣಿಯೂ ಅವನನ್ನು ಸೇರಿಸಲಿಲ್ಲ. ಚಿತ್ರದಲ್ಲಿದ್ದ ಉಳಿದವರ ಪಾಡೂ ಅಷ್ಟೇ. ಒಬ್ಬೊಬ್ಬರನ್ನೂ ಮುಖ ನೋಡಿ, ಚಿತ್ರ ನೋಡಿ ಗೇಟಿನಿಂದಲೇ ಹಿಂದಕ್ಕಟ್ಟಿದರು.

ಎಬೆನ್ ಗ್ವೆನ್‌ಳನ್ನು ಮದುವೆಯಾಗಿ ಆ ಊರಿನಲ್ಲೇ ಉಳಿದ. ಬೇರೆ ಕಡೆ ಹೋಗೋಣ ಎಂದು ಅವಳೇ ಎಷ್ಟೋ ಸಲ ಹೇಳಿದಳು. "ಓಡಿಹೋದ್ರೆ ನಾನೇ ಬರೆದೆ ಅಂತ ಆಗುತ್ತೆ" ಎನ್ನುತ್ತಿದ್ದ. ಒಂದೊಂದೇ ಮನೆಯ ಬಾಗಿಲು ತಟ್ಟಿದ. ಡೆವ್ಲಿನ್ ಮನೆಗೆ ಹೋದಾಗ ಗ್ವೆನ್ ಜೊತೆಗಿದ್ದಳು.

"ಅಮ್ಮಾ, ನಾನು ನಿಮ್ಮನ್ನೂ ಬರೆದಿದ್ದೆ. ಫಿನ್ ತಲೆ ನಿಮ್ಮ ತೊಡೆ ಮೇಲಿತ್ತು. ಅದನ್ನ ಅವರು ತೆಗೆದುಬಿಟ್ರು."

ಓನಾ ಬಾಗಿಲಿಗೆ ಕೈಹಾಕಿದಳು. "ನನ್ನ ಸತ್ತ ಮಗನ ಹೆಸರು ನಿನ್ನ ಬಾಯಲ್ಲಿ ಬರಬಾರದು" ಎಂದು ಬಾಗಿಲು ಹಾಕಿಕೊಂಡಳು.

ಆಮೇಲೆ ಅವನು ಬರೆದದ್ದು ತರಕಾರಿ. ಬೀಜದ ಅಂಗಡಿಯ ಮಾರಾಟದ ಪಟ್ಟಿಗೆ ಎಲೆಕೋಸು, ಮೂಲಂಗಿ, ಕುಂಬಳ. ಕಿಟಕಿಯ ಪಕ್ಕ ಕುಳಿತು ದಿನವಿಡೀ ಒಂದು ಕೋಸಿನ ನರಗಳನ್ನು ಬರೆಯುತ್ತಿದ್ದ. ಮನುಷ್ಯರ ಮುಖವನ್ನು ಮತ್ತೆ ಬರೆಯಲಿಲ್ಲ. ಮಲಗಿದ್ದಾಗ ಒಮ್ಮೆ ಗ್ವೆನ್ ಕೇಳಿದ್ದಳು, ನನ್ನದೊಂದು ಬರೆದುಕೊಡು ಎಂದು. "ಬೇಡ ಕಣೆ, ಯಾರ ಕೈಗಾದ್ರೂ ಸಿಕ್ಕಿದ್ರೆ" ಅಂದು ಮಗ್ಗುಲು ತಿರುಗಿದ್ದ.

*

ಪ್ರಾರ್ಥನೆ ಮುಗಿಯಿತು. ಪೆಟ್ಟಿಗೆಯನ್ನು ಕೆಳಗಿಳಿಸಿದರು. ಪ್ರೆಂಟಿಸ್ ಟೋಪಿ ತೆಗೆದು ಮುಂದೆ ಬಂದು, ಒಂದೆರಡು ಮಾತಾಡಬಹುದೇ ಎಂದರು. ಪಾದ್ರಿ ಗ್ವೆನ್‌ಳ ಕಡೆ ನೋಡಿದರು.

"ಮಾತಾಡ್ಲಿ," ಎಂದಳು ಅವಳು. "ಏನು ಹೇಳ್ತಾರೋ ನಾನೂ ಕೇಳ್ತೀನಿ."

ಪ್ರೆಂಟಿಸ್‌ಗೆ ಗಂಟಲು ಚೆನ್ನಾಗಿತ್ತು. ಬೇಲಿಯಾಚೆಯವರೂ ಸಾವಿಗೆ ಬಂದವರೆಂದೇ ಅವರು ತಿಳಿದಿದ್ದರು. ಸ್ಥಳ ಸಾಲದೆ ಹೊರಗೆ ನಿಂತಿದ್ದಾರೆ ಎಂದುಕೊಂಡಿರಬೇಕು. ಅವರಿಗೂ ಕೇಳುವಂತೆ ದನಿಯೆತ್ತಿದರು.

"ಗೆಳೆಯರೇ, ನಮ್ಮ ಪತ್ರಿಕೆಗೆ ಇನ್ನೇನು ಬೆಳ್ಳಿ ಹಬ್ಬ. ಅದರ ಮೊದಲ ಪುಟದಲ್ಲಿ ಈ ಊರಿನ ಮುಷ್ಕರದ ಚಿತ್ರವನ್ನೇ ಮತ್ತೆ ಹಾಕ್ತಿದೀವಿ. ಅಂಥ ಚಿತ್ರ ಇನ್ನೊಂದು ಬರಲಿಲ್ಲ. ಎಬೆನ್‌ನ ಹೆಸರು ಉಳಿಯೋದು ಅದರಿಂದಲೇ."

ಬೇಲಿಯಾಚೆ ಗುಜುಗುಜು ಎದ್ದಿತು. ಅದನ್ನು ಅವರು ಮೆಚ್ಚುಗೆಯೆಂದುಕೊಂಡರು. ಮುಖ ಅರಳಿತು.

"ಮೊಂಡ ಮನುಷ್ಯ, ನಿಮಗೆಲ್ಲ ಗೊತ್ತಿರಬೇಕಲ್ಲ. ಅವನು ಮೊದಲು ಕಳಿಸಿದ್ದೇನು ಗೊತ್ತಾ? ಬರಿಗೈ ಜನ ಸುಮ್ಮನೆ ನಿಂತಿದಾರೆ. ಒಬ್ಬ ಸತ್ತು ಬಿದ್ದಿದಾನೆ. ಮುಖಗಳೇನೋ ಅದ್ಭುತ! ಆದರೆ ಅದರಲ್ಲಿ ನೋಡೋಕೇನಿದೆ? ಯಾರು ಕೊಳ್ತಾರೆ? ನಾನೇ ಕೊರೆಯೋರನ್ನ ಕರೆದು, ಇಲ್ಲೊಂದು ಪಂಜು ಹಿಡಿಸ್ರಪ್ಪ, ಅಲ್ಲೊಂದು ಕೊಡಲಿ ಕೊಡಿ, ಸ್ವಲ್ಪ ಬೆಂಕಿ ಬರಲಿ ಅಂದೆ. ಆ ವಾರ ಪ್ರತಿ ಸಾಲದೆ ಮತ್ತೆ ಅಚ್ಚು ಹಾಕಿದ್ವಿ. ಅವನು ಬಂದು ನನ್ನ ಮೇಜು ಗುದ್ದಿದ. ಕಲಾವಿದರು! ನನಗೇನೂ ಬೇಸರ ಇಲ್ಲ."

ಅವರು ನಕ್ಕು, ಜೊತೆಗೆ ನಗುವವರಿಗಾಗಿ ಕಾದರು.

ಬೇಲಿಯ ಹಲಗೆ ಕಿರುಗುಟ್ಟಿತು. ಕಾನರ್ ದಾಟಿ ಒಳಗೆ ಬಂದಿದ್ದ.

"ಇನ್ನೊಂದ್ಸಲ ಹೇಳಿ ಸ್ವಾಮಿ. ಪಂಜು ಯಾರು ಹಿಡಿಸಿದ್ದು?"

"ನಾನು... ನಮ್ಮ ಕಚೇರಿಯಲ್ಲಿ... ಅದು ಮಾಮೂಲು, ಎಲ್ಲ ಪತ್ರಿಕೆಯಲ್ಲೂ..."

"ಆ ಪಂಜು ಹಿಡಿದೋನು ನಾನು."

ಪ್ರೆಂಟಿಸ್ ಅವನ ಹುಬ್ಬನ್ನು ನೋಡಿದರು. ಗುರುತು ಹತ್ತಿತು. ಒಂದು ಹೆಜ್ಜೆ ಹಿಂದಿಟ್ಟರು.

"ಅಯ್ಯೋ ಮಹಾರಾಯ, ಅದು ಬರೀ ಚಿತ್ರ!"

"ಬರೀ ಚಿತ್ರಕ್ಕೆ ಮೂರು ವರ್ಷ ಜೈಲಲ್ಲಿದ್ದೆ ನಾನು!"

ಓನಾ ಅಜ್ಜಿ ಕೋಲೂರುತ್ತ ಮಗನ ಪಕ್ಕಕ್ಕೆ ಬಂದಿದ್ದಳು. ಅವಳ ದನಿ ಸಣ್ಣಗಿತ್ತು.

"ನನ್ನನ್ನ ಯಾಕೆ ತೆಗೆದ್ರಿ?"

"ನಿಮ್ಮನ್ನಾ?"

"ನಾನಿದ್ದೆ ಅದರಲ್ಲಿ. ಮಗನ್ನ ತೊಡೆ ಮೇಲೆ ಹಾಕ್ಕೊಂಡಿದ್ದೆ. ಅವನು ಬಂದು ಹೇಳಿದ್ದ."

"ಓ... ಆ ಹೆಂಗಸು," ಎಂದರು ಪ್ರೆಂಟಿಸ್. ಅವರು ನಿಜಕ್ಕೂ ನೆನಪಿಸಿಕೊಂಡರು. "ನೋಡಿ ಅಮ್ಮಾ, ಪಂಜು ಬಂದ ಮೇಲೆ ಅಳೋ ತಾಯಿ ಹೊಂದ್ತಿರಲಿಲ್ಲ. ನೋಡೋರು ಯಾರ ಕಡೆ ನಿಲ್ಲಬೇಕು ಅಂತ ಗೊಂದಲ ಆಗ್ತಿತ್ತು."

ಕಾನರ್ ಸಲಿಕೆಯನ್ನು ಎರಡೂ ಕೈಯಿಂದ ಎತ್ತಿದ. ಪ್ರೆಂಟಿಸ್ ಕೂಗಿಕೊಂಡರು. ಆದರೆ ಗ್ವೆನ್ ಆಗಲೇ ನಡುವೆ ಬಂದು ನಿಂತಿದ್ದಳು.

"ಕೆಳಗಿಡು."

"ಆಚೆ ಸರಿ ಗ್ವೆನ್! ಇವನ ತಲೆ..."

"ಈಗ ಎತ್ತುತೀಯಾ? ಬೆಳಗ್ಗೆ ಹೆಗಲ ಮೇಲಿಟ್ಕೊಂಡು ಹೋದ್ಯಲ್ಲ, ಅದೇ ಸಲಿಕೆ ತಾನೇ ಇದು?" ಅವಳು ಪ್ರೆಂಟಿಸ್ ಕಡೆ ಕೈ ತೋರಿಸಿದಳು. "ಈ ಮನುಷ್ಯ ಒಂದು ಸಲ ಹೇಳಿದ. ಒಂದೇ ಸಲ. ರೇಷ್ಮೆ ಟೋಪಿ ಹಾಕ್ಕೊಂಡು, ನಗ್ತಾ ಹೇಳಿದ. ನಂಬಿಬಿಟ್ರಿ! ನನ್ನ ಗಂಡ ಒಂಬತ್ತು ವರ್ಷ ಹೇಳಿದ. ನಿಮ್ಮ ಹೊಸ್ತಿಲಲ್ಲಿ ನಿಂತು ಹೇಳಿದ. ಕೋರ್ಟಲ್ಲಿ ನಗಿಸಿಕೊಂಡು ಹೇಳಿದ. ನಾನು ಹೇಳ್ದೆ. ನಾನು ಈ ಊರಲ್ಲೇ ಹುಟ್ಟಿದೋಳು, ನನ್ನ ಮಾತೂ ನಿಮಗೆ ಬೇಕಾಗ್ಲಿಲ್ಲ. ಹಾಲಿನವಳು ನನ್ನ ಪಾತ್ರೆಗೆ ಹಾಲು ಹಾಕ್ದೆ ಮುಂದೆ ಹೋದ್ಲು. ಈಗ ಇವನು ಹೇಳಿದ ಕೂಡ್ಲೇ ಎಲ್ಲರಿಗೂ ರಕ್ತ ಕುದೀತಾ?"



"ಗ್ವೆನ್..." ಎಂದ ಕಾನರ್. ಸಲಿಕೆ ಕೆಳಗಿಳಿದಿತ್ತು. "ನಮಗೇನು ಗೊತ್ತಿತ್ತು? ಅವನ ಹೆಸರು ಇತ್ತಲ್ಲ ಅದರ ಕೆಳಗೆ."

"ನಿನ್ನ ಮುಖವೂ ಇತ್ತು ಅದರಲ್ಲಿ. ಕೋರ್ಟು ಅದನ್ನ ನಂಬ್ತು. ಕೋರ್ಟಿನ ಮೇಲೆ ನಿಂಗೆ ಸಿಟ್ಟಲ್ವಾ?"

ಕಾನರ್ ಗುಂಡಿಯ ಪಕ್ಕದ ಮಣ್ಣಿನ ಗುಡ್ಡೆಯ ಕಡೆ ತಿರುಗಿ, "ಮಣ್ಣು ನಾನು ಎಳೀತೀನಿ," ಎಂದ.

"ಮುಟ್ಟಬೇಡ."

"ಅಷ್ಟಾದ್ರೂ..."

"ಮುಟ್ಟಬೇಡ ಅಂದೆ. ಐವರ್, ಹಾಕು."

ಐವರ್ ಮಣ್ಣು ಹಾಕಿದ. ಅಗಲ ಬಾಯಿಯ ಆ ಸಲಿಕೆ ಎಳೆಯುವುದಕ್ಕೆ ಚೆನ್ನಾಗಿಯೇ ಬಂತು. ಆ ಸದ್ದಿನ ನಡುವೆ ಪ್ರೆಂಟಿಸ್ ಮೆಲ್ಲಗೆ ಹಿಂದೆ ಸರಿದು ಗಾಡಿಯತ್ತ ನಡೆದರು. ಗಾಡಿಯವನ ಅಣ್ಣನೂ ಆ ಚಿತ್ರದಲ್ಲಿದ್ದ, ಕೊಡಲಿ ಹಿಡಿದು. ಪ್ರೆಂಟಿಸ್ ಮೆಟ್ಟಿಲಿಗೆ ಕಾಲಿಡುವ ಮೊದಲೇ ಅವನು ಲಗಾಮು ಜಗ್ಗಿ ಹೊರಟುಬಿಟ್ಟ. ಅವರು ಟೋಪಿ ಹಿಡಿದುಕೊಂಡು, ಕಲ್ಲಿದ್ದಲ ಕೆಸರಿನಲ್ಲಿ ನಡೆಯುತ್ತ ರೈಲು ನಿಲ್ದಾಣದತ್ತ ಹೋದರು. ಹೂವಿನ ಚಕ್ರವನ್ನು ಗ್ವೆನ್ ಬೇಲಿಯಾಚೆ ಎಸೆದಳು.

*

ಸಂಜೆ ಮನೆಯಲ್ಲಿ ಅಕ್ಕ ತಮ್ಮ ಇಬ್ಬರೇ. ಒಲೆ ಹಚ್ಚಿರಲಿಲ್ಲ. ಬೆಳಗಿನ ತಣ್ಣನೆಯ ಆಲೂಗಡ್ಡೆಗೆ ಉಪ್ಪು ಸವರಿಕೊಂಡು ಗ್ವೆನ್ ತಿನ್ನುತ್ತಿದ್ದಳು.

ಬಾಗಿಲು ತಟ್ಟಿದ ಸದ್ದಾಯಿತು. ಐವರ್ ಎದ್ದ.

"ಕೂತ್ಕೋ," ಎಂದಳು.

"ಯಾರೋ ಬಂದಿದಾರೆ ಗ್ವೆನ್."

"ಬರ್ಲಿ."

ಮತ್ತೆ ಸದ್ದು, ಪಾತ್ರೆಯನ್ನು ಕಲ್ಲಿನ ಮೇಲಿಟ್ಟ ಸದ್ದು, ದೂರವಾಗುವ ಹೆಜ್ಜೆ. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು. ಆಮೇಲೆ ಇನ್ನೊಬ್ಬರು. ಐವರ್ ಪರದೆ ಸರಿಸಿ ನೋಡಿದ. ಮೆಟ್ಟಿಲ ಮೇಲೆ ಬಟ್ಟೆ ಮುಚ್ಚಿದ ಬ್ರೆಡ್ಡು, ಹಂದಿಮಾಂಸ ಹಾಕಿ ಬೇಯಿಸಿದ ಎಲೆಕೋಸು, ಒಂದು ತಂಬಿಗೆ ಹಾಲು. ಇನ್ನೊಂದು ಮುಚ್ಚಳದ ಅಂಚಿನಿಂದ ಹಬೆಯೇಳುತ್ತಿತ್ತು.

"ಅರ್ಧ ಊರೇ ತಂದಿಟ್ಟಿದೆ," ಎಂದ. "ಬಾಗಿಲು ತೆಗೆಯೋಣ ಕಣೆ. ಅವರಿಗೂ ಈಗ ತಾನೇ ಗೊತ್ತಾಗಿದ್ದು..."

"ಅವನು ಆರು ತಿಂಗಳು ಕೆಮ್ಮುತಾ ಬಿದ್ದಿದ್ನಲ್ಲ, ಆಗ ಒಂದು ಲೋಟ ಗಂಜಿ ತಂದೋರು ಯಾರಾದ್ರೂ ಇದ್ರಾ?"

ಐವರ್ ಪರದೆ ಬಿಟ್ಟ.

"ನನಗೆ ಹೊಟ್ಟೆ ತುಂಬಿದೆ," ಎಂದು ಅವಳು ಆಲೂಗಡ್ಡೆಯ ಇನ್ನೊಂದು ತುಂಡು ಮುರಿದಳು.

ಕತ್ತಲಾಗುವ ಹೊತ್ತಿಗೆ ತಟ್ಟುವುದು ನಿಂತಿತು. ಊರಿನ ನಾಯಿಗಳಿಗೆ ಮಾಂಸದ ವಾಸನೆ ಹತ್ತಿ ಒಂದೆರಡು ಅಂಗಳಕ್ಕೆ ಬಂದವು. ಹೊರಗೆ ಕೋಲಿನಿಂದ ನೆಲ ಬಡಿದ ಸದ್ದು ಕೇಳಿ ಗ್ವೆನ್ ಎದ್ದು ಕಿಟಕಿಗೆ ಹೋದಳು.

ಮೆಟ್ಟಿಲ ಮೇಲೆ, ಪಾತ್ರೆಗಳ ನಡುವೆ, ಬಾಗಿಲಿಗೆ ಬೆನ್ನು ಮಾಡಿ ಓನಾ ಅಜ್ಜಿ ಕುಳಿತಿದ್ದಳು. ಅವಳು ಏನನ್ನೂ ತಂದಿರಲಿಲ್ಲ, ಬಾಗಿಲನ್ನೂ ತಟ್ಟಿರಲಿಲ್ಲ. ನಾಯಿ ಹತ್ತಿರ ಬಂದಾಗಲೆಲ್ಲ ಕೋಲೆತ್ತಿ "ಹಚಾ" ಎನ್ನುತ್ತಿದ್ದಳು. ಅದು ದೂರ ಸರಿದ ಮೇಲೆ ಶಾಲನ್ನು ಮಂಡಿಯ ಮೇಲೆ ಎಳೆದುಕೊಂಡು ಮತ್ತೆ ಬೀದಿಯನ್ನೇ ನೋಡುತ್ತಿದ್ದಳು.